ಹೊಗೆಯಿಲ್ಲದ ಬೆಂಕಿ

ಖಾನಾಪುರ
ತಾ. ೨೪ ಅಕ್ಟೋಬರ್ ೧೯೨೯, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಪಾದಗಳಿಗೆ ಉತ್ತಮನ ನಮಸ್ಕಾರ. ಸ್ತವನಿಧಿಯ ಬಸದಿಯ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಚಾತುರ್ಮಾಸದ ಒಪ್ಪೊತ್ತು ಸಾಲದೆಂದು ಉಪವಾಸಗಳನ್ನೂ ಸೇರಿಸಿಕೊಂಡಿದ್ದೀಯೆಂದು ತಂಗಿ ಅಕ್ಕಾತಾಯಿ ಅನಗೋಳದ ನಮ್ಮ ಮನೆಯಿಂದ ಬರೆದಿದ್ದಾಳೆ. ನೀನು ಮಾತು ಕೇಳುವವಳಲ್ಲ, ಆದರೂ ಹೇಳುತ್ತೇನೆ, ಮನೆಗೆ ನಡೆದು ಬರುವಷ್ಟು ಶಕ್ತಿಯನ್ನಾದರೂ ಉಳಿಸಿಕೋ. ಈ ಪತ್ರವನ್ನು ನಿನಗೆ ಓದಿ ಹೇಳುವ ಚಂಪಾಬಾಯಿಯವರಿಗೂ ನಮಸ್ಕಾರ. ಅವರು ಸ್ವಲ್ಪ ನಿಧಾನವಾಗಿ ಓದಲಿ, ಏಕೆಂದರೆ ಬರೆಯುತ್ತಿರುವ ನನಗೇ ಇದರ ತಲೆಬುಡ ತಿಳಿದಿಲ್ಲ.

ಹೋದ ಶನಿವಾರ ಮುಂಜಾನೆ ಇಲ್ಲಿ ಒಂದು ವಿಮಾನ ಇಳಿಯಿತು. ಇಳಿಯಿತು ಎನ್ನಬೇಕೋ ಬಿತ್ತು ಎನ್ನಬೇಕೋ ಅದೂ ಗೊತ್ತಿಲ್ಲ. ನಮ್ಮ ಕಚೇರಿಯ ಸಾಹೇಬರ ಹೆಂಡತಿಯ ತಮ್ಮ ಪುಣೆಯಿಂದ ತನ್ನ ಎರಡು ಸೀಟಿನ ಪುಟ್ಟ ವಿಮಾನ ಹಾರಿಸಿಕೊಂಡು ಅಕ್ಕನನ್ನು ನೋಡಲು ಬರುವವನಿದ್ದ. ಊರ ಹೊರಗೆ ದನ ಮೇಯುವ ಗಾಯರಾಣವೇ ಅವನಿಗೆ ಇಳಿಯುವ ಜಾಗ. ಇಂಗ್ಲಿಷ್ ಬಲ್ಲವನೆಂದು ಸಾಹೇಬರು ನನ್ನನ್ನು ಕರೆದು ಹೇಳಿದರು, ಕಲ್ಲು ಆಯಿಸು, ದನ ತಡೆ, ವಿಮಾನದ ಸದ್ದು ಕೇಳಿದ ಕೂಡಲೇ ನಾಲ್ಕು ಕಟ್ಟಿಗೆ ಹೊತ್ತಿಸಿ ಮೇಲೆ ಹಸಿ ಹುಲ್ಲು ಹಾಕಿ ದಟ್ಟ ಹೊಗೆ ಎಬ್ಬಿಸು. ಹೊಗೆ ಯಾಕೆಂದು ನಾನು ಕೇಳಲಿಲ್ಲ. ಬರುವವನಿಗೆ ಜಾಗದ ಗುರುತು ಸಿಗಲೆಂದಿರಬೇಕು ಅಂದುಕೊಂಡೆ. ದೊಡ್ಡವರನ್ನು ಯಾಕೆ ಎಂದು ಕೇಳುವ ಅಭ್ಯಾಸವೇ ನನಗಿಲ್ಲ, ಅದನ್ನು ನೀನೇ ಕಲಿಸಲಿಲ್ಲ ನೋಡು.

ನಮ್ಮ ಕಚೇರಿಯ ಪಟ್ಟೇವಾಲಾ ಬಂಡೆಪ್ಪ ನಿನಗೆ ಗೊತ್ತು, ಕಳೆದ ವರ್ಷ ನಮ್ಮ ಮನೆಗೆ ಹಲಸಿನ ಹಣ್ಣು ಹೊತ್ತು ತಂದಿದ್ದನಲ್ಲ, ಅವನೇ. ಬೆಳಗಾಗುವ ಹೊತ್ತಿಗೆ ಸೊಂಟದೆತ್ತರ ಹುಲ್ಲು ಕೊಯ್ದು ಗುಂಪಿ ಹಾಕಿದ್ದ. ನಾನು ಸುಮ್ಮನೆ ಕೈ ಹಾಕಿ ಒಂದು ಹಿಡಿ ಎತ್ತಿದೆ. ಒಳಗೆ ಹಸಿರು ಮಿಡತೆ, ಇರುವೆ, ಉಗುರಿನಷ್ಟು ಕಪ್ಪೆಮರಿಗಳು, ಇಬ್ಬನಿಯಲ್ಲಿ ಮಿಜಿಮಿಜಿ ಅನ್ನುತ್ತಿದ್ದವು. ನೀನು ಸ್ತವನಿಧಿಗೆ ಹೊರಡುವಾಗ ನನ್ನ ಕೈ ಹಿಡಿದು, "ಉತ್ತಮಾ, ಈ ನಾಕ ತಿಂಗಳು ಹಸೀದು ಏನೂ ಸುಡಬ್ಯಾಡಪಾ," ಅಂದಿದ್ದೆಯಲ್ಲ, ಅದೇ ಕಿವಿಯಲ್ಲಿ ಕೇಳಿದಂತಾಯಿತು. ಹುಲ್ಲು ಬೇಡವೆಂದೆ. ನಮ್ಮ ಅಡುಗೆಮನೆಯಲ್ಲಿ ಮಾಡುವ ಹಾಗೆ ಒಣ ಕಟ್ಟಿಗೆಯನ್ನು ಒಂದೊಂದಾಗಿ ಬಡಿದು, ತಿರುಗಿಸಿ ನೋಡಿ, ಹುಳವಿಲ್ಲದ್ದನ್ನೇ ಆರಿಸಿ ಒಟ್ಟಿದೆ. ಬಂಡೆಪ್ಪ, "ಹೊಗಿ ಬರೂದಿಲ್ರೀ ಕಾರಕೂನ್ರ," ಅಂದ. ಬೆಂಕಿ ಕಂಡರೆ ಸಾಕು ಅಂದೆ. ಕಡ್ಡಿ ಗೀರಿದವನು ಅವನು.

ಎಷ್ಟು ಚೊಕ್ಕ ಉರಿಯಿತೆಂದರೆ, ಅವ್ವಾ, ನೀನಾಗಿದ್ದರೆ ಮೆಚ್ಚುತ್ತಿದ್ದೆ. ಒಂದು ಎಳೆ ಹೊಗೆ ಇಲ್ಲ. ವಿಮಾನ ಪಡುವಣದಿಂದ ಬಂತು, ತಲೆಯ ಮೇಲೆ ಹಾಯಿತು, ಗಾಯರಾಣದ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತು. ಆಮೇಲೆ ನಿಲ್ಲಲೇ ಇಲ್ಲ. ಒದ್ದೆ ಹುಲ್ಲಿನ ಮೇಲೆ ಜಾರುತ್ತ, ಹಳ್ಳದ ಕಡೆಗಿನ ಇಳಿಜಾರಿನಲ್ಲಿ ಹೋಗುತ್ತಲೇ ಇತ್ತು. ನೋಡಲು ನೆರೆದ ಊರವರೂ ನಾವೂ ಅದರ ಹಿಂದೆ ಓಡುತ್ತಿದ್ದೆವು, ಹಿಡಿದು ನಿಲ್ಲಿಸುವವರಂತೆ. ಕೊನೆಗೆ ಹಳ್ಳಕ್ಕೆ ಮೂತಿ ಹಾಕಿ ಬಾಲ ಎತ್ತಿ ನಿಂತಿತು. ಹುಡುಗನ ತೋಳು ಮುರಿಯಿತು, ಹಣೆ ಒಡೆಯಿತು. ಜೀವ ಉಳಿಯಿತು.

ಅಂದಿನಿಂದ ಕಾರಣ ಹೇಳುವವರೇ ಎಲ್ಲರೂ. ನಮ್ಮ ಹೆಡ್ ಕಾರಕೂನ ತ್ರ್ಯಂಬಕರಾಯರು ಪಂಚಾಂಗ ತೆರೆದು ರಾಹುಕಾಲ ತೋರಿಸುತ್ತಾರೆ. ನನಗೆ ಬಾಡಿಗೆಗೆ ಖೋಲಿ ಕೊಟ್ಟಿರುವ ಗಂಗೂಬಾಯಿ, ಅಷ್ಟು ಜನರನ್ನು ನೋಡಿ ವಿಮಾನವೇ ಬೆದರಿತು ಅನ್ನುತ್ತಾಳೆ. ಭಾನುವಾರ ಬೆಳಗಾವಿಯ ದವಾಖಾನೆಗೆ ಹೋಗಿ ಆ ಹುಡುಗನನ್ನೇ ಕೇಳಿದೆ. ಪಾಪ, ನಗುತ್ತಲೇ ತಿಳಿಸಿದ. ಎದುರುಗಾಳಿ ವಿಮಾನವನ್ನು ತಡೆದು ಹಿಡಿಯುತ್ತದಂತೆ, ಬೆನ್ನ ಹಿಂದಿನ ಗಾಳಿ ತಳ್ಳುತ್ತದಂತೆ. ಚಕ್ಕಡಿಯನ್ನಾದರೂ ಹಗ್ಗ ಜಗ್ಗಿ ನಿಲ್ಲಿಸಬಹುದು, ವಿಮಾನದ ಗಾಲಿಗಳಿಗೆ ಬ್ರೇಕೇ ಇಲ್ಲವಂತೆ. ಬೆಳಗಾವಿಯಲ್ಲಿ ಅಡುಗೆಮನೆಗಳ ಹೊಗೆ ಪಡುವಣಕ್ಕೆ ಬಾಗಿದ್ದನ್ನು ನೋಡಿ, ಖಾನಾಪುರದಲ್ಲೂ ಮೂಡಣ ಗಾಳಿಯೇ ಇರಬೇಕೆಂದು ಅವನು ಊಹಿಸಿದ. ಇಲ್ಲಿ ಗಾಳಿ ತಿರುಗಿತ್ತು. ಹೊಗೆ ಕಂಡಿದ್ದರೆ ಯಾವ ಕಡೆಯ ಗಾಳಿಯೆಂದು ತಿಳಿಯುತ್ತಿತ್ತು, ಅದಕ್ಕಾಗಿಯೇ ಹೊಗೆ ಹೇಳಿದ್ದು ಅಂದ. ಮರುಗಳಿಗೆ ಅವನೇ, ತಪ್ಪು ನನ್ನದು, ಇನ್ನೊಂದು ಸುತ್ತು ಹಾಕಬೇಕಿತ್ತು, ಮೊದಲೇ ನೆಲ ಮುಟ್ಟಬೇಕಿತ್ತು, ಹುಲ್ಲೂ ಒದ್ದೆಯಿತ್ತು ಅಂದ. ಹಾಗಾದರೆ ತಪ್ಪು ಗಾಳಿಯದೋ, ಇಬ್ಬನಿಯದೋ, ಇಳಿಜಾರಿನದೋ, ಅವನದೋ, ನನ್ನದೋ? ಒಂದನ್ನು ತೆಗೆದರೆ ಉಳಿದವು ಸಾಲುತ್ತಿದ್ದವೋ ಇಲ್ಲವೋ? ನಾಲ್ಕು ದಿನದಿಂದ ಇದೇ ಲೆಕ್ಕದಲ್ಲಿ ಅನ್ನ ಸೇರುತ್ತಿಲ್ಲ.

ಸಾಹೇಬರಿಗೆ ಮಾತ್ರ ಗೊಂದಲವಿಲ್ಲ. ಸೋಮವಾರ ಕಚೇರಿಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಆ ಬೆಂಕಿ ಯಾರು ಹಚ್ಚಿದ್ದೆಂದು ಕೇಳಿದರು. ಬಂಡೆಪ್ಪ, "ನಾನ್ರೀ," ಅಂದ. ಸುಳ್ಳಲ್ಲ. ಹಚ್ಚಿದವನು ಅವನೇ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ನಾಳೆ ಶುಕ್ರವಾರದಿಂದ ಅವನಿಗೆ ಕೆಲಸವಿಲ್ಲ. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಈ ನೌಕರಿಯೊಂದೇ ಆಧಾರ ಎಂಬುದು ಆಗ ನೆನಪಾಯಿತು ಎಂದು ಬರೆದರೆ ಅದು ಖರೆ, ಆದರೆ ಹೆದರಿದೆ ಎಂಬುದು ಅದಕ್ಕಿಂತ ಖರೆ. ಹುಳ ಸಾಯಬಾರದು ಎಂದು ಕಲಿಸಿದೆ, ಸುಳ್ಳಾಡಬಾರದು ಎಂದೂ ಕಲಿಸಿದೆ. ಸುಮ್ಮನಿರುವುದು ಯಾವುದರಲ್ಲಿ ಬರುತ್ತದೆಂದು ಹೇಳಿಕೊಡಲಿಲ್ಲ. ಮುನಿಗಳನ್ನು ಕೇಳಿ ನೋಡು, ನನ್ನ ಹೆಸರು ಹೇಳದೆ.

ದೀಪಾವಳಿಗೆ ಮೊದಲು ಅಕ್ಕಾತಾಯಿ ಮನೆ ಸಾರಿಸಿ ಇಡುತ್ತಾಳಂತೆ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೋ. ಅಲ್ಲಿರುವ ಹಿರಿಯರಿಗೆಲ್ಲ ನನ್ನ ವಂದನೆ ತಿಳಿಸು, ನಿನ್ನ ಆಶೀರ್ವಾದ ನನಗಿರಲಿ.

ನಿನ್ನ ಮಗ,
ಉತ್ತಮ

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ಬಂಡೆಪ್ಪ ಬಂದಿದ್ದ. ಬೈಯಲು ಬಂದನೆಂದುಕೊಂಡೆ. ಬಾಗಿಲಲ್ಲೇ ನಿಂತು, "ಆ ಹುಲ್ಲಿನ ಗುಂಪಿ ಅಲ್ಲೇ ಐತ್ರಿ ಕಾರಕೂನ್ರ. ನಾಳಿಂದ ನಾ ಇರೂದಿಲ್ಲ. ಹೊಸಾಂವ ಬಂದು ಬೆಂಕಿ ಹಚ್ಚಿದ್ರ ನಿಮ್ಮ ಹುಳ ಸಾಯ್ತಾವ, ಅವಂಗ ಹೇಳಿ ಇಡ್ರಿ," ಅಂದು ಹೋದ. ಅವ್ವಾ, ಇನ್ನೊಂದು ಹಾಳೆ ತೆಗೆದು ಸಾಹೇಬರಿಗೆ ಬರೆದಿದ್ದೇನೆ, ಹುಲ್ಲು ಬೇಡವೆಂದವನು ನಾನೆಂದು. ಇದನ್ನು ಟಪಾಲಿಗೆ ಹಾಕಲು ಹೋಗುವಾಗ ಅದನ್ನೂ ಕೊಟ್ಟೇ ಹೋಗುತ್ತೇನೆ. ನೀನು ಅನಗೋಳಕ್ಕೆ ಬಂದಾಗ ನಾನೇ ಬಾಗಿಲು ತೆಗೆದರೆ, ಎಷ್ಟು ದಿನದ ರಜೆ ಎಂದು ಕೇಳಬೇಡ.