ಎಳೆಗೆ ಅಡ್ಡ ಮಡಿಸಿದ ಕಾಗದ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ
ಅರಮನೆಯ ಪತ್ರಕೋಣೆ

ಪ್ರೀತಿಯ ಅಪ್ಪನಿಗೆ,

ಇವತ್ತು ಬೆಳಿಗ್ಗೆ ನಿನ್ನ ಪತ್ರ ಕೈಗೆ ಬಂದಾಗ ಓದುವ ಮೊದಲೇ ಅದರ ಮಡಿಕೆ ನೋಡಿದೆ. ಕಾಗದವನ್ನು ಅದರ ನಾರಿನ ಎಳೆಗೆ ಅಡ್ಡಲಾಗಿ ಮಡಿಸಿದ್ದರು. ಮಡಿಕೆಯ ಉದ್ದಕ್ಕೂ ಸಣ್ಣಗೆ ಬಿರುಕು ಬಿಟ್ಟಿತ್ತು. ಮೂವತ್ತು ವರ್ಷ ಪುಸ್ತಕ ಕಟ್ಟಿದವನು ನೀನು. ಸಾಮಾನಿನ ಚೀಟಿಯನ್ನೂ ಬೆಳಕಿಗೆ ಹಿಡಿದು, ಎಳೆ ಯಾವ ಕಡೆ ಓಡಿದೆ ಎಂದು ನೋಡಿಯೇ ಮಡಿಸುವವನು. ಅಕ್ಷರ ನಿನ್ನದೇ, ಮಡಿಕೆ ನಿನ್ನದಲ್ಲ.

ಎರಡು ತಿಂಗಳಿಂದ ಮಗಳು ನಾಲ್ಕು ಸಾಲಿಗಿಂತ ಹೆಚ್ಚು ಬರೆಯುತ್ತಿಲ್ಲ ಎಂದು ಅಮ್ಮ ಮುಖ ಊದಿಸಿಕೊಂಡಿರಬೇಕು. ಅವಳಿಗೆ ಹೇಳು, ನಾನು ಬರೆದದ್ದು ಪುಟಗಟ್ಟಲೆ. ನಿಮಗೆ ತಲುಪಿದ್ದು ಬೇರೆ. ಅದು ಹೇಗೆಂದು ನನಗೂ ಗೊತ್ತಾದದ್ದು ಇವತ್ತೇ. ತಡವಾದದ್ದಕ್ಕೆ ಬೈಯಬೇಡಿ.

ಅರಮನೆಯವರ ಸ್ವಂತ ಅಕ್ಷರ ಹೊರಗೆ ಹೋಗಬಾರದು ಎಂಬುದು ಇಲ್ಲಿನ ಹಳೆಯ ಪದ್ಧತಿ. ಅವರು ಬರೆದ ಮೂಲಪ್ರತಿ ಈ ಪತ್ರಕೋಣೆಯಲ್ಲಿ ಉಳಿಯುತ್ತದೆ, ನಕಲು ಮಾತ್ರ ಹೊರಗೆ ಹೋಗುತ್ತದೆ. ಎರಡು ತಿಂಗಳ ಹಿಂದೆ ಮದುವೆ ಗೊತ್ತಾದಾಗಿನಿಂದ ನನ್ನ ಪತ್ರಕ್ಕೂ ಅದೇ ಪದ್ಧತಿ. ಆ ಮೂಲಪ್ರತಿಗಳನ್ನು ಜೋಡಿಸುವ ಕೆಲಸಕ್ಕೇ ತಾನೇ ನನ್ನನ್ನು ಕಳೆದ ವರ್ಷ ಕರೆಸಿಕೊಂಡದ್ದು. ನಕಲು ಮಾಡುವ ಮುದುಕರ ಬಗ್ಗೆ ನಿನಗೆ ಬರೆದಿದ್ದೆ. ಎಲ್ಲರೂ ಅವರನ್ನು ನಕಲು ತಾತ ಎನ್ನುತ್ತಾರೆ. ಯಾರ ಅಕ್ಷರವನ್ನು ಕೊಟ್ಟರೂ ಅಚ್ಚು ಒತ್ತಿದ ಹಾಗೆ ಇಳಿಸುತ್ತಾರೆ. ಹೊರಗಿಂದ ಬರುವ ಪತ್ರವನ್ನೂ ನಕಲು ಮಾಡುತ್ತಾರೆ, ಮಾಡುವಾಗ ಸಾಲುಗಳನ್ನು ಬಿಡುತ್ತಾರೆ, ಸೇರಿಸುತ್ತಾರೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ಮಡಿಕೆ ತೋರಿಸಿ ಕೇಳಿದೆ. ತಾತ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು.

“ನಲವತ್ತು ವರ್ಷದಲ್ಲಿ ಯಾರೂ ನನ್ನ ಅಕ್ಷರ ಹಿಡೀಲಿಲ್ಲ ಕಣಮ್ಮ. ನೀನು ಮಡಿಕೆ ಹಿಡಿದುಬಿಟ್ಟೆ.”

“ನಮ್ಮಪ್ಪ ಪುಸ್ತಕ ಕಟ್ಟೋರು, ತಾತ.”

“ಅದನ್ನ ಮರೆತಿದ್ದೆ ನೋಡು” ಎಂದು, ನನ್ನ ಮುಂದೆ ಯಾವತ್ತೂ ತೆಗೆಯದ ಬೀರು ತೆಗೆದು ನಿನ್ನ ನಿಜವಾದ ಪತ್ರ ಕೊಟ್ಟರು. ಅವರು ಬಿಟ್ಟದ್ದು ಒಂದೇ ಸಾಲು: “ಬೇಡ ಅನ್ನಿಸಿದರೆ ಮದುವೆಯ ಹಿಂದಿನ ದಿನವಾದರೂ ಸರಿ, ಬಂದುಬಿಡು, ಜನ ಏನನ್ನುತ್ತಾರೋ ಅದನ್ನು ನಾನು ಕೇಳಿಸಿಕೊಳ್ಳುತ್ತೇನೆ, ನನಗೆ ಹೇಗೂ ಒಂದು ಕಿವಿ ಮಂದ.” ಅಪ್ಪ, ಅದನ್ನು ಓದಿ ಅಳು, ನಗು ಎರಡೂ ಒಟ್ಟಿಗೇ ಬಂದವು.

ಬೀರುವಿನಲ್ಲಿ ಪಕ್ಕದ ಗೂಡು ನನ್ನ ಓರಗಿತ್ತಿ ಆಗಬೇಕಾದವರದು. ದೊಡ್ಡ ರಾಜಕುಮಾರರು, ಎಂದರೆ ಈಗಿನ ರಾಜರು, ಕೈಹಿಡಿದ ಹುಡುಗಿ. ನಮ್ಮಂಥ ಮನೆಯವರೇ, ರೇವಿನ ಊರಿನ ಹೊಲಿಗೆಯಮ್ಮನ ಒಬ್ಬಳೇ ಮಗಳು. ಅವರಿಗೆ ಮೈ ಸರಿಯಿಲ್ಲ, ಬೆಟ್ಟದ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ ಎಂದು ಊರಿಗೆಲ್ಲ ಗೊತ್ತು. ಅಮ್ಮ ಕೂಡ ಒಮ್ಮೆ ಮರುಗಿ ಕೇಳಿದ್ದಳು. ಅವರ ತಾಯಿ ಬರೆದ ಪತ್ರಗಳು ಗೂಡಿನಲ್ಲಿ ಈ ತಿಂಗಳವರೆಗೂ ಇವೆ. ಮಗಳು ಬರೆದ ಮೂಲಪ್ರತಿಗಳು ಮಾತ್ರ ಎರಡು ವರ್ಷದ ಹಿಂದೆ ನಿಂತುಹೋಗಿವೆ. ಆದರೆ ಪ್ರತಿ ತಿಂಗಳೂ ಅವರ ಹೆಸರಿನಲ್ಲಿ ಆ ತಾಯಿಗೊಂದು ಪತ್ರ ಹೋಗುತ್ತಲೇ ಇದೆ.

“ತಾತ, ಎರಡು ವರ್ಷದಿಂದ ಅವರ ಕೈಬರಹದ ಒಂದು ಚೂರೂ ಇಲ್ಲವಲ್ಲ?” ಎಂದೆ.

ಅವರು ಬಾಗಿಲು ಹಾಕಿ ಬಂದು ಕೂತರು. “ಆ ಮಗು ಹೋಗಿ ಎರಡು ವರ್ಷ ಆಯ್ತಮ್ಮ.”

ಜ್ವರವಂತೆ. ಹೊರಗಿನ ಡಾಕ್ಟರನ್ನು ಕರೆಸಲಿಲ್ಲ, ಸುದ್ದಿ ಹೊರಬೀಳುತ್ತದೆ ಎಂದು. ಪಟ್ಟಾಭಿಷೇಕಕ್ಕೆ ಒಂಬತ್ತು ದಿನ ಉಳಿದಿತ್ತು. ಈ ಮನೆತನದಲ್ಲಿ ಪಕ್ಕದಲ್ಲಿ ಹೆಂಡತಿ ಇಲ್ಲದವನಿಗೆ ಪಟ್ಟ ಕಟ್ಟುವುದಿಲ್ಲ, ಹಕ್ಕು ತಮ್ಮನಿಗೆ ಹೋಗುತ್ತದೆ, ಅವನು ಮದುವೆಯಾದ ದಿನ ಪಟ್ಟ. ಅದಕ್ಕೆ ಸಾವನ್ನು ಮುಚ್ಚಿಟ್ಟರು. ಪಟ್ಟದ ದಿನ ಮುಸುಕು ಹಾಕಿ ಪಕ್ಕದಲ್ಲಿ ಕೂತವಳು ಬಟ್ಟೆಬರೆ ನೋಡಿಕೊಳ್ಳುವ ಹೆಂಗಸು. ನೆನಪಿದೆಯಾ, ಬೀದಿಯಲ್ಲಿ ನಿಂತು ನಾವೂ ಕೈಬೀಸಿದ್ದೆವು. “ಎಷ್ಟು ಗಂಭೀರ ನೋಡು, ಒಂಚೂರೂ ಅಲ್ಲಾಡಲ್ಲ” ಎಂದು ಅಮ್ಮ ಮೆಚ್ಚಿಕೊಂಡಿದ್ದಳು. ಆಕೆ ಅಲ್ಲಾಡದೆ ಕೂತದ್ದು ಹೆದರಿಕೆಯಿಂದ.

ಮಧ್ಯಾಹ್ನ ರಾಜರ ತಮ್ಮ, ನನ್ನ ಕೈಹಿಡಿಯಲಿರುವ ಚಿಕ್ಕವರನ್ನು ಕಂಡೆ. ನೀನು ಅವರನ್ನು ಹಾಗೆ ಕರೆಯುವುದು ಅವರಿಗೆ ಬಹಳ ಇಷ್ಟ. ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಒತ್ತಿಟ್ಟಿದ್ದ ಪುಸ್ತಕಗಳ ಮೇಲೆ ಕೂತುಬಿಟ್ಟರಲ್ಲ, ನೀನು ತಲೆ ಎತ್ತದೆ “ಏಳಪ್ಪ, ಅದಿನ್ನೂ ಒಣಗಿಲ್ಲ” ಎಂದು ಗದರಿದೆಯಲ್ಲ, ಅಮ್ಮ ನೀರಿಗಾಗಿ ಒಳಗೆ ಓಡಿದಳಲ್ಲ! ಜೀವಮಾನದಲ್ಲಿ ತನ್ನನ್ನು ಯಾರೂ ಏಳು ಎಂದಿರಲಿಲ್ಲ ಎಂದು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಪತ್ರಕೋಣೆಗೆ ಬರುವಾಗ ಬೂಟು ಸದ್ದಾಗುತ್ತದೆಂದು ಬರೀ ಕಾಲುಚೀಲದಲ್ಲಿ ಬರುತ್ತಾರೆ. ಒಂದು ಚೀಲದಲ್ಲಿ ಹೆಬ್ಬೆರಳು ಆಚೆ ಇಣುಕುತ್ತಿರುತ್ತದೆ. ನಾನು ಮನಸೋತದ್ದು ಆ ಹೆಬ್ಬೆರಳಿಗೆ ಎಂದರೆ ನೀನು ನಗುತ್ತೀಯ.

ಬೀರುವಿನಲ್ಲಿ ಕಂಡದ್ದನ್ನೆಲ್ಲ ಅವರಿಗೆ ಹೇಳಿದೆ.

“ಅತ್ತಿಗೆ ಹೋದದ್ದು ಗೊತ್ತಿತ್ತು. ಅವರ ಹೆಸರಲ್ಲಿ ಪತ್ರ ಹೋಗ್ತಿದೆ ಅಂತ ಖಂಡಿತ ಗೊತ್ತಿರಲಿಲ್ಲ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ.”

“ಅವರಮ್ಮ ಅಲ್ಲಿ ಕಾಯ್ತಾ ಕೂತಿದ್ದಾರೆ.”

“ಮದುವೆಗೆ ಹನ್ನೊಂದೇ ದಿನ. ಅದೊಂದು ಆಗಿಬಿಡಲಿ. ಆಮೇಲೆ ಇಬ್ಬರೂ ಸೇರಿ ಹೇಳೋಣ, ನಮ್ಮನ್ನ ಯಾರೂ ಏನೂ ಮಾಡಕ್ಕಾಗಲ್ಲ.”

ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು ಅಪ್ಪ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾನು ಯೋಚಿಸಿದ್ದು ಬೇರೆ. ಸಾವಿನ ಸುದ್ದಿ ಹೊರಬಂದರೆ ಅಣ್ಣನ ಪಟ್ಟ ಉಳಿಯುವುದಿಲ್ಲ, ತಮ್ಮನಿಗೆ ಬರುತ್ತದೆ. ಮದುವೆಯಾದ ಮೇಲೆ ನಾನು ಬಾಯಿಬಿಟ್ಟರೆ, ಗಂಡನನ್ನು ರಾಜನಾಗಿಸಲು ಕಥೆ ಕಟ್ಟಿದಳು ಎನ್ನುತ್ತಾರೆ. ಆ ತಾಯಿಯೂ ನನ್ನನ್ನು ನಂಬಲಾರರು. ಇವತ್ತು ನಾನು ಪುಸ್ತಕ ಕಟ್ಟುವವರ ಮಗಳು, ಅಷ್ಟೇ. ನನ್ನ ಮಾತಿಗೆ ಬೆಲೆ ಇರುವುದು ಇನ್ನು ಹನ್ನೊಂದು ದಿನ. ಇದನ್ನು ಅವರಿಗೂ ಹೇಳಿದೆ. “ನೀನು ಓದಿದ್ದು ಜಾಸ್ತಿಯಾಯ್ತು” ಎಂದು ನಗಲು ನೋಡಿದರು, ಆಗಲಿಲ್ಲ. ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಎದ್ದುಹೋದರು.

ವಾಪಸು ಬರುವಾಗ ರಾಜರ ಕಾರ್ಯದರ್ಶಿ ಮೆಟ್ಟಿಲ ಮೇಲೆ ಸಿಕ್ಕರು. ಬೆಳಿಗ್ಗೆ ತಾತ ಬಾಗಿಲು ಹಾಕಿದ್ದನ್ನು ಅವರು ನೋಡಿರಬೇಕು. “ಪತ್ರಕೋಣೆಯ ಬೀಗದ ಕೈ ಗುರುವಾರದಿಂದ ನನ್ನ ಹತ್ತಿರ ಇರುತ್ತೆ, ಮದುವೆ ಹೆಣ್ಣಿಗೆ ಯಾಕೆ ಧೂಳಿನ ಕೆಲಸ?” ಎಂದರು. ನಾಲ್ಕು ಹೆಜ್ಜೆ ಇಳಿದು, ತಿರುಗಿ, “ಈ ಮೆಟ್ಟಿಲು ಜಾರುತ್ತಮ್ಮ, ಒಬ್ಬಳೇ ಓಡಾಡಬೇಡ” ಎಂದರು. ಮೆಟ್ಟಿಲು ಒರಟು ಕಲ್ಲಿನದು, ಎಣ್ಣೆ ಸುರಿದರೂ ಜಾರದು. ಆದರೂ “ಆಗಲಿ ಸರ್” ಎಂದೆ. ನನ್ನ ನಾಚಿಕೆಯ ದನಿ ಒಂದು ಕೆಲಸಕ್ಕಾದರೂ ಬಂತು. ಇವಳಿಂದ ಏನೂ ಆಗದು ಎಂದುಕೊಂಡಿರುತ್ತಾರೆ.

ಈ ಪತ್ರ ನಕಲಾಗದೆ ನಿನ್ನ ಕೈ ಸೇರುತ್ತದೆ. ಇಸ್ತ್ರಿ ಅಕ್ಕ ಸಂಜೆ ಮನೆಗೆ ಹೋಗುವಾಗ ಅಂಗಡಿಗೆ ಬಂದು ಕೊಡುತ್ತಾಳೆ. “ನನ್ನ ಗಂಟನ್ನ ಯಾರು ಬಿಚ್ತಾರೆ ತಂಗಿ, ಪೂರ್ತಿ ರಾಜಮನೆತನದ ಒಳಉಡುಪು ಅದರಲ್ಲಿರೋದು” ಎನ್ನುತ್ತಾಳೆ. ಇನ್ನು ಮುಂದೆ ಅರಮನೆಯ ಲಕೋಟೆಯಲ್ಲಿ ನನ್ನ ಅಕ್ಷರದಲ್ಲಿ “ಇಲ್ಲಿ ಎಲ್ಲ ಕ್ಷೇಮ” ಎಂದು ಬಂದರೆ ನಂಬಬೇಡ.

ಅಮ್ಮನಿಗೆ ಈಗಲೇ ಎಲ್ಲ ಹೇಳಬೇಡ, ಅವಳು ಸೀದಾ ಅರಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನೀನು ಅಂಟು ಕಲಸುವಾಗ ಕಿಟಕಿ ತೆಗೆದಿಡು, ಕೆಮ್ಮು ಜಾಸ್ತಿಯಾಗುತ್ತದೆ. ಚಿಕ್ಕವರು ಅಂಗಡಿಗೆ ಬಂದರೆ ಕೋಪಿಸಿಕೊಳ್ಳದೆ ಕೂರಿಸು. ಒಳ್ಳೆಯವರು, ಸ್ವಲ್ಪ ತಡವಾಗಿ ಧೈರ್ಯ ಬರುವ ಜಾತಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ.

ನಿನ್ನ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ ಅಪ್ಪ, ಬರೆಯಲು ಕೈ ಬರಲಿಲ್ಲ. ಆ ತಾಯಿಗೆ ಹೋಗುತ್ತಿದ್ದ ಪತ್ರಗಳನ್ನು ಯಾರು ಬರೆದರೆಂದು ಮೇಲೆ ಹೇಳಲಿಲ್ಲ. ಕಳೆದ ಎಂಟು ತಿಂಗಳದ್ದನ್ನು ನಾನೇ ಬರೆದೆ. “ಅವರಿಗೆ ಕೈ ನಡುಗುತ್ತೆ, ಎರಡು ಮಾತು ಹೇಳಿಕಳಿಸಿದ್ದಾರೆ, ಸಾಹಿತ್ಯ ಓದಿದವಳು ನೀನು, ಚೆಂದ ಮಾಡಿ ಬರಿ” ಎಂದಿದ್ದರು ತಾತ. ನಂಬಿದೆ. ಬೆಟ್ಟದ ಮನೆಯ ಕಿಟಕಿ, ಮಂಜು, ಹಾಸಿಗೆಯ ಮೇಲೆ ಬೀಳುವ ಬಿಸಿಲು ಎಲ್ಲವನ್ನೂ ಕಲ್ಪಿಸಿ ಎರಡೆರಡು ಪುಟ ತುಂಬಿಸಿದೆ. ತಾತ ಅದನ್ನು ಸತ್ತವಳ ಅಕ್ಷರಕ್ಕೆ ಇಳಿಸಿದರು. ಹೋದ ತಿಂಗಳು ಆ ತಾಯಿ ಉತ್ತರ ಬರೆದಿದ್ದರು: “ಮೊದಲೆಲ್ಲ ನೀನು ಎರಡು ಸಾಲು ಗೀಚಿ ಮುಗಿಸ್ತಿದ್ದೆ. ಈಗೀಗ ನಿನ್ನ ಪತ್ರ ಓದಿದರೆ ನೀನು ನನ್ನ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತೆ ಮಗಳೇ.” ಅದನ್ನು ಓದಿ ಹಿಗ್ಗಿದ್ದೆ ಅಪ್ಪ, ಯಾರೋ ನನ್ನ ಬರವಣಿಗೆಯನ್ನು ಹೊಗಳಿದರೆಂದು.

ಮಗಳು ನಿಜವಾಗಿ ಬರೆದ ಕೊನೆಯ ಮೂಲಪ್ರತಿ ಅಂಗೈಯಗಲದ್ದು: “ಅಮ್ಮ, ಜ್ವರ ಬಿಡ್ತಿಲ್ಲ. ನೀನು ಬಾ.” ಅದು ಅರಮನೆ ದಾಟಲೇ ಇಲ್ಲ. ತಾತ ಅದನ್ನು ತೆಗೆದು ನನ್ನ ಮುಂದೆ ಇಟ್ಟು ಗೋಡೆ ಕಡೆ ತಿರುಗಿ ಕೂತರು.

ಈ ತಿಂಗಳ ಪತ್ರವನ್ನು ನಾನು ನಾಳೆ ಬರೆದುಕೊಡಬೇಕು. ಬರೆಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಟ್ಟೆಯ ಗಾಡಿ ಹಿಂಬಾಗಿಲಿನಿಂದ ಹೊರಡುತ್ತದೆ, ಇಸ್ತ್ರಿ ಅಕ್ಕನ ಪಕ್ಕ ಜಾಗವಿದೆ. ಎಲ್ಲಿಗೆ ಹೋಗುತ್ತಿದ್ದೇನೆಂದು ಚಿಕ್ಕವರಿಗೆ ಒಂದು ಚೀಟಿ ಬರೆದಿಡುತ್ತೇನೆ, ಬರುವುದಾದರೆ ಬರಲಿ. ಸಂಜೆಯೊಳಗೆ ರೇವಿನ ಊರು ಸೇರಿ, ಆ ಮೂರು ಮಾತಿನ ಕಾಗದವನ್ನು ಹೊಲಿಗೆಯಮ್ಮನ ಕೈಗೆ ಕೊಟ್ಟು, ಉಳಿದವನ್ನೆಲ್ಲ ಬರೆದವಳು ನಾನೇ ಎಂದು ಅವರ ಮುಖ ನೋಡಿ ಹೇಳುತ್ತೇನೆ.