ಬೀಗಿತ್ತಿಗೆ ಹಾಸಿದ ಹಾಸಿಗೆ

ಶನಿವಾರ, ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂತು. ಗಡಿ ತೆರೆದ ಮೇಲೆ ಬಂದ ಮೊದಲ ಕಾಗದ ಅಂತ ಅಂಚೆಯವನು ಅದನ್ನು ಅಂಗಡಿಗೇ ತಂದುಕೊಟ್ಟ. ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದೆ. ಕೈ ಒರೆಸಿಕೊಂಡು, ಗಿರಾಕಿಯನ್ನು ಹಾಗೇ ಕೂರಿಸಿ, ನಿಂತಲ್ಲೇ ಓದಿದೆ. ನೀನು ಬರುತ್ತೀಯ ಅನ್ನುವ ಸಾಲಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ, ಕೊನೆಗೆ ಗಿರಾಕಿ ಕೆಮ್ಮಿದರು.

ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ನಿನ್ನ ಹಾಸಿಗೆಯನ್ನು ಹೊತ್ತು ತಂದು ಮಹಡಿಯ ಬಿಸಿಲಿಗೆ ಹಾಕಿದಳು. ಬೆಳಿಗ್ಗೆಯಷ್ಟೇ ಬೆನ್ನು ನೋವು ಅಂತ ನರಳಿದ್ದವಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ಅಕ್ಕ ಬಂದರೂ ನಮ್ಮ ಮನೆಯಲ್ಲಿ ಮಲಗುವ ಹಾಗಿಲ್ಲ ಅನ್ನುವುದನ್ನೂ ಹೇಳಬೇಕಾಗುತ್ತಿತ್ತು.

ನೀನು ಬರುತ್ತಿರುವುದು ನಿಮ್ಮ ಊರಿನ ಹಾಡುಗಾರರ ತಂಡದ ಜೊತೆ, ನಮ್ಮ ಸ್ನೇಹಕೂಟದ ಅತಿಥಿಯಾಗಿ. ಅತಿಥಿ ನೆಂಟರ ಮನೆಯಲ್ಲಿ ಉಳಿಯಬಾರದು, ಗುರುತಿಲ್ಲದವರ ಮನೆಯಲ್ಲೇ ಉಳಿಯಬೇಕು. ನೀನು ಗಡಿಯಾಚೆ ಹೋದ ಮೇಲೆ ಕೂಟದಲ್ಲಿ ಕುರ್ಚಿ ಬದಲಾಯಿತು, ಹಾಡು ಬದಲಾಯಿತು, ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಹಲ್ಲೇ ಬದಲಾಯಿತು. ಈ ನಿಯಮ ಮಾತ್ರ ಹಾಗೇ ಇದೆ. ಚೀಟಿ ಎತ್ತಿದಾಗ ನೀನು ಅದೇ ಡಾಕ್ಟರ ಮನೆಯ ಪಾಲಿಗೆ ಬಂದೆ.

ಅಮ್ಮನಿಗೆ ವಿಷಯ ಗೊತ್ತಾದದ್ದು ತರಕಾರಿ ಅಂಗಡಿಯಲ್ಲಿ. ಡಾಕ್ಟರ ಹೆಂಡತಿ ಪಾಪ, ಸಂಭ್ರಮದಿಂದಲೇ ಹೇಳಿದರಂತೆ, ನಿಮ್ಮ ಮಗಳು ಈ ಸಲ ನಮ್ಮನೆಗೆ ಬರ್ತಾಳೆ ಕಣ್ರೀ ಅಂತ. ಅಮ್ಮ ಕೊಂಡ ತರಕಾರಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಕೂಟ ಸೇರುವುದು ಈಗಲೂ ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲೇ. ನೀನು ಹೋದಾಗಿನಿಂದ ಅಮ್ಮ ಆ ಮೆಟ್ಟಿಲು ಹತ್ತಿದವಳಲ್ಲ. ಶಾಂತಿ, ಸ್ನೇಹ ಅಂತ ಹೇಳಿ ನನ್ನ ಮಗಳನ್ನೇ ಹೊಡ್ಕೊಂಡು ಹೋದ್ರು ಅನ್ನುವುದು ಕೂಟದ ಬಗ್ಗೆ ಅವಳು ಆಡುವ ಒಂದೇ ಮಾತು. ಇವತ್ತಿನ ಸಭೆಗೆ ತಾನಾಗಿಯೇ ಹತ್ತಿ ಬಂದಳು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ನನ್ನ ಮಗಳನ್ನ ನೋಡೋಕೆ ನಾನು ನಿಮ್ಮನೆ ಬೆಲ್ ಒತ್ತಬೇಕೇನ್ರೀ ಅಂತ ನೇರವಾಗಿ ಡಾಕ್ಟರನ್ನೇ ಕೇಳಿದಳು. ಅವರು ನಿಯಮ ಅಂತ ಶುರುಮಾಡಿದರು. ನಿಮ್ಮ ನಿಯಮ ಹೆತ್ತಿದೆಯಾ ಯಾರನ್ನಾದರೂ ಅಂದಳು.

ಬೇಕರಿಯಮ್ಮ, ಒಂದು ಸಲಕ್ಕೆ ಬಿಡ್ರೀ, ಆಕಾಶ ಕಳಚಿ ಬೀಳಲ್ಲ ಅಂದರು. ಭೂಗೋಳದ ಮೇಷ್ಟ್ರು ಒಪ್ಪಲಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ನೆಂಟರು ಹುಟ್ಟಿಕೊಳ್ಳುತ್ತಾರೆ, ಆಮೇಲೆ ಇದು ಸ್ನೇಹಕೂಟ ಅಲ್ಲ, ಮದುವೆ ದಿಬ್ಬಣ ಅಂದರು. ನಾಲ್ಕು ಜನ ನಕ್ಕರು. ಅಮ್ಮ ನಗಲಿಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮ ಯಾರು, ಅವನನ್ನ ನನ್ನೆದುರು ನಿಲ್ಲಿಸಿ ಅಂದಳು.

ಎಲ್ಲರೂ ನನ್ನ ಮುಖ ನೋಡಿದರು. ನಾನೇ ಹೇಳಬೇಕಾಯಿತು, ಅಕ್ಕ ಅಂತ.

ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ ನೋಡು. ಭಾವ ಮೊದಲ ಸಲ ಕೂಟದ ಅತಿಥಿಯಾಗಿ ಬಂದಾಗ ಅವರ ಪೆಟ್ಟಿಗೆ ಇದೇ ಊರಿನಲ್ಲಿದ್ದ ಅವರ ಸೋದರಮಾವನ ಮನೆ ಸೇರಿಯಾಗಿತ್ತು. ನೀನು ಆಗ ಕೂಟದ ಕಾರ್ಯದರ್ಶಿ. ಎದ್ದು ನಿಂತು, ಮಾವನ ಮನೆಯಲ್ಲಿ ಮಲಗಿದವರು ಮಾವನನ್ನು ನೋಡಿ ವಾಪಸು ಹೋಗುತ್ತಾರೆ, ನಮ್ಮನ್ನಲ್ಲ ಅಂದೆ. ನಿಯಮ ಆಯಿತು. ಮಾವ ಸಿಡಿಮಿಡಿಗೊಂಡರು, ಪೆಟ್ಟಿಗೆ ನಮ್ಮ ಮನೆಗೆ ಬಂತು. ಮುಂದಿನದು ಊರಿಗೇ ಗೊತ್ತು. ಆವತ್ತು ನೀನು ಸುಮ್ಮನೆ ಕೂತಿದ್ದರೆ ಭಾವ ಮಾವನ ಮನೆಯಲ್ಲಿ ಉಂಡು ಮಲಗಿ ತಮ್ಮ ಪಾಡಿಗೆ ತಾವು ಹೋಗಿರುತ್ತಿದ್ದರು.

ಇದನ್ನು ಕೇಳಿ ಅಮ್ಮ ಕೂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಹಾಗೆ ಒರೆಸಬೇಡ, ಗೀರು ಬೀಳುತ್ತೆ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಆಮೇಲೆ, ಅವಳು ಮೊದಲಿಂದಲೂ ಹಾಗೇ, ತಾನು ಹಾಕಿದ ಗಂಟು ತಾನೂ ಬಿಚ್ಚಲ್ಲ, ಬೇರೆಯವರನ್ನೂ ಬಿಚ್ಚೋಕೆ ಬಿಡಲ್ಲ ಅಂದಳು. ಕನ್ನಡಕ ಮತ್ತೆ ಹಾಕಿಕೊಂಡು, ನಿನ್ನ ಅತ್ತೆಯೂ ತಂಡದಲ್ಲಿ ಬರುತ್ತಿದ್ದಾರಲ್ಲ, ಅವರು ಯಾರ ಮನೆಗೆ ಅಂತ ಕೇಳಿದಳು.

ಅವರ ಚೀಟಿ ಮೇಷ್ಟ್ರ ಮನೆಗೆ ಬಂದಿತ್ತು. ನಮ್ಮ ಮನೆಗೆ ಬಂದದ್ದು ಯಾರೋ ಬ್ಯಾಂಕಿನವರು.

ಬೀಗಿತ್ತೀನ ನನಗೆ ಕೊಡಿ ಅಂದಳು ಅಮ್ಮ. ಮೇಷ್ಟ್ರು ಬಿಡುವವರೇ, ಬೀಗಿತ್ತಿ ಅಂದ ಮೇಲೆ ನೆಂಟರೇ ಆಯಿತಲ್ಲ ತಾಯಿ ಅಂದರು. ಅಮ್ಮನ ದನಿ ಏರಲಿಲ್ಲ. ಮದುವೆ ಅಲ್ಲೇ ಆಯ್ತು, ನಾವು ಹೊರಡೋ ಮೊದಲೇ ಗಡಿ ಮುಚ್ಚಿದ್ರು. ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ, ಒಂದು ಲೋಟ ನೀರು ಕೊಟ್ಟಿಲ್ಲ. ಇದಕ್ಕಿಂತ ಗುರುತಿಲ್ಲದವರು ಈ ಊರಿಗೆ ಯಾರು ಬರ್ತಿದ್ದಾರೆ, ಹೇಳಿ ಮೇಷ್ಟ್ರೇ ಅಂದಳು. ಆಗಲಿ ಅಂತ ಮೊದಲು ಕೈ ಎತ್ತಿದವರು ಮೇಷ್ಟ್ರೇ.

ದಾರಿಯಲ್ಲಿ ಕೇಳಿದೆ, ಯಾಕಮ್ಮ ಹೀಗೆ ಅಂತ. ನಿನಗೆ ಜ್ವರ ಬಂದಾಗ ಇಷ್ಟು ವರ್ಷ ಹಣೆ ಮುಟ್ಟಿ ನೋಡಿದ ಕೈ ಅವರದಂತೆ, ಅದನ್ನು ಒಂದು ಸಲ ನೋಡಬೇಕಂತೆ. ಅವರ ಭಾಷೆ ನಿನಗೆ ಬರಲ್ಲವಲ್ಲ ಅಂದೆ. ಮಗಳ ಹೆಸರು ಇಬ್ಬರಿಗೂ ಬರುತ್ತಲ್ಲ, ಅಲ್ಲಿಂದ ಶುರುಮಾಡ್ತೀವಿ ಅಂದಳು.

ಮನೆಗೆ ಬಂದವಳೇ ನಿನ್ನ ಹಾಸಿಗೆಯನ್ನು ಹೊರಕೋಣೆಗೆ ಎಳೆದು, ಅವರಿಗಾಗಿ ಹಾಸಿದಳು. ಅತ್ತೆಗೆ ದಿಂಬು ಎತ್ತರ ಬೇಕೋ ತಗ್ಗು ಬೇಕೋ, ಬರೆಯಬೇಕಂತೆ.

ನನ್ನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಚೆನ್ನಾಗಿದ್ದೇನೆ. ಮುಂಚೆ ನಿನ್ನ ಪಕ್ಕ ನಿಂತು, ನಿನ್ನ ಬಾಯಿ ನೋಡಿಕೊಂಡು ಹಾಡುತ್ತಿದ್ದೆ. ಈ ಸಲ ನೀನು ಅತಿಥಿಗಳ ಸಾಲಿನಲ್ಲಿ, ನನ್ನೆದುರು ನಿಲ್ಲುತ್ತೀಯ. ನೋಡಲು ಅದೇ ಅನುಕೂಲ. ಕೂಟದವರು ಈಗಲೂ ನನ್ನನ್ನು ಅಕ್ಕನ ಬಾಲ ಅಂತಲೇ ಕರೆಯುತ್ತಾರೆ, ಅಕ್ಕ ಇಲ್ಲದ ಊರಿನಲ್ಲಿ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ,
ಬಾಲ

ಮರೆತಿದ್ದೆ: ಸಭೆ ಮುಗಿದ ಮೇಲೆ ಡಾಕ್ಟರ ಹೆಂಡತಿ ನನ್ನನ್ನು ಮೆಟ್ಟಿಲ ಹತ್ತಿರ ತಡೆದು, ಬೆಳಿಗ್ಗೆ ಏನು ಕುಡೀತಾಳೆ, ದೀಪ ಆರಿಸಿ ಮಲಗ್ತಾಳಾ, ಕಿಟಕಿ ತೆರೆದಿರಬೇಕಾ ಅಂತೆಲ್ಲ ಕೇಳಿದರು. ಪರೀಕ್ಷೆಗೆ ಓದಿಕೊಂಡು ಹೋದವಳ ಹಾಗೆ ಪಟಪಟ ಹೇಳಿದೆ. ಸಕ್ಕರೆ ಜಾಸ್ತಿ ಹಾಕಿದ ಚಹಾ, ದೀಪ ಇರಬೇಕು, ಕಿಟಕಿ ಮುಚ್ಚಿರಬೇಕು. ಕೆಳಗಿಳಿದ ಮೇಲೆ ಹೊಳೆಯಿತು, ನಾನು ಹೇಳಿದ್ದು ಇಲ್ಲಿಂದ ಹೋದವಳ ಅಭ್ಯಾಸ. ಬರುತ್ತಿರುವವಳದು ನನಗೆ ಗೊತ್ತಿಲ್ಲ. ನೀನೇ ಬರೆ. ಅವರಿಗಲ್ಲ, ನನಗೆ ಬರೆ. ನಾನೇ ಹೋಗಿ, ನನಗೆ ಮೊದಲಿಂದಲೂ ಗೊತ್ತಿತ್ತು ಅನ್ನುವ ಹಾಗೆ ಹೇಳಿ ಬರುತ್ತೇನೆ.