ಸಂಸಾರ ರಿಪೇರಿಯ ಫೀಸು

ನರಸಿಂಹರಾಜಪುರ
೧೮ ಜೂನ್ ೨೦೨೫, ಬುಧವಾರ

ಮಗಳು ಚಿ. ಕೃತಿಕಾಳಿಗೆ, ಅಡಿಕೆ ಮಂಡಿಯ ಧೂಳಿನ ನಡುವೆ ಕೂತ ನಿನ್ನ ಅಪ್ಪಾಜಿಯ ತುಂಬು ಆಶೀರ್ವಾದ.

ನಿನ್ನ ಹೊಟ್ಟೆ ಉರಿತ ಈಗ ಹೇಗಿದೆ? ಅದು ಮೈಸೂರಿನ ಹಾಸ್ಟೆಲಿನ ಸಾರಿನಿಂದ ಬಂದದ್ದೋ, ಎರಡು ಕಾಲೇಜುಗಳಲ್ಲಿ ಯಾವುದನ್ನು ಹಿಡಿಯಲಿ ಎಂಬ ಚಿಂತೆಯಿಂದ ಬಂದದ್ದೋ ಡಾಕ್ಟರಿಗೂ ತಿಳಿಯಲಿಲ್ಲ ಎಂದಿದ್ದೆ. ಎರಡಕ್ಕೂ ಮಜ್ಜಿಗೆ ಒಳ್ಳೆಯದು. ನನ್ನ ಸಕ್ಕರೆ ಹತೋಟಿಯಲ್ಲಿದೆ, ಅಂದರೆ ಪರೀಕ್ಷೆ ಮಾಡಿಸಿಲ್ಲ. ಅಜ್ಜಿಯ ಮೊಣಕಾಲು ಸೋತಿದೆ, ನಾಲಗೆ ಗಟ್ಟಿಮುಟ್ಟಾಗಿದೆ. ನಿನ್ನಮ್ಮ ಇದ್ದಾಳೆ.

‘ಫೋನಲ್ಲಿ ಬೇಡ ಅಪ್ಪಾಜಿ, ಫೋನಲ್ಲಾದ್ರೆ ನೀವು ನಗಿಸಿ ಮುಗಿಸಿಬಿಡ್ತೀರಿ. ಕೂತು ಯೋಚನೆ ಮಾಡಿ ಬರೀರಿ’ ಎಂದು ನೀನು ಅಪ್ಪಣೆ ಕೊಡಿಸಿದ್ದರಿಂದ ಕೂತಿದ್ದೇನೆ. ನೀನು ಕಳಿಸಿದ ಪಟ್ಟಿಯೂ ಎದುರಿಗಿದೆ. ಎಡಗಡೆ ಮೈಸೂರಿನ ಕಾಲೇಜು: ಎರಡು ವರ್ಷಕ್ಕೆ ಒಂದು ಲಕ್ಷದ ಹತ್ತು ಸಾವಿರ. ಬಲಗಡೆ ಮಂಗಳೂರಿನದು: ಆರು ಲಕ್ಷದ ಎಂಬತ್ತು ಸಾವಿರ, ಹಾಸ್ಟೆಲು ಬೇರೆ. ಎರಡರಲ್ಲೂ ಕಲಿಸುವುದು ಕುಟುಂಬ ಚಿಕಿತ್ಸೆ, ಅಂದರೆ ಜಗಳವಾಡುವ ಮನೆಯವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ವಿದ್ಯೆ. ಸಾಲಕ್ಕೆ ನನ್ನ ಸಹಿ ಬೇಕು, ತೀರಿಸುವವಳು ನೀನೇ, ಇಪ್ಪತ್ತನೇ ತಾರೀಖಿನೊಳಗೆ ಸೀಟು ಖಾತ್ರಿಯಾಗಬೇಕು. ಇಷ್ಟು ಚೊಕ್ಕವಾದ ಪಟ್ಟಿಯನ್ನು ನಮ್ಮ ಗುಮಾಸ್ತನೂ ಮಾಡಿದ್ದಿಲ್ಲ. ಬಾಳೆಹೊನ್ನೂರಿನ ಗಂಗಾಧರನಿಗೆ ತೋರಿಸಿದೆ. ‘ಎಂತ ಮಾರಾಯ ಷಡಕ್ಷರಿ, ಸಂಸಾರ ರಿಪೇರಿಗೂ ಡಿಗ್ರಿ ಬಂತಾ? ನೀನು ಬರೀ ಕಾಫಿಗೆ ಮಾಡ್ತೀಯಲ್ಲ’ ಎಂದ. ನಿಜ ತಾನೇ. ಮೂವತ್ತು ವರ್ಷದಿಂದ ಕೊಪ್ಪದಿಂದ ಶೃಂಗೇರಿಯವರೆಗೆ ಎಷ್ಟು ಮನೆಗಳ ಅಣ್ಣ-ತಮ್ಮ, ಅತ್ತೆ-ಸೊಸೆಯರನ್ನು ಕೂರಿಸಿ ಪಂಚಾಯಿತಿ ಮಾಡಿದ್ದೇನೆ. ಒಬ್ಬರಿಂದಲೂ ಕಾಫಿ, ನಿಪ್ಪಟ್ಟಿಗಿಂತ ಹೆಚ್ಚು ಮುಟ್ಟಿದವನಲ್ಲ. ಆರು ಲಕ್ಷದ ಎಂಬತ್ತು ಸಾವಿರವನ್ನು ಕಾಫಿಯ ಲೆಕ್ಕಕ್ಕೆ ಇಳಿಸಲು ಹೊರಟು, ಸಕ್ಕರೆಯ ನೆನಪಾಗಿ ಬಿಟ್ಟೆ.

ಈ ಓದಿನ ಆಸೆ ನಿನಗೆ ಎಲ್ಲಿಂದ ಹುಟ್ಟಿತೆಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ. ನಿನಗೆ ಎಂಟು ವರ್ಷವಾಗಿದ್ದಾಗ ಮಿಡಿ ಉಪ್ಪಿನಕಾಯಿಯ ದೊಡ್ಡ ಜಾಡಿಗೆ ಬೂಷ್ಟು ಹಿಡಿಯಿತು. ಒದ್ದೆ ಕೈ ಹಾಕಿದವಳು ಸೊಸೆ ಎಂದು ಅಜ್ಜಿ, ಅತ್ತೆ ಎಂದು ನಿನ್ನಮ್ಮ. ಅಂದಿನಿಂದ ಈ ಹದಿನಾಲ್ಕು ವರ್ಷ ಇಬ್ಬರಿಗೂ ನೇರ ಮಾತಿಲ್ಲ. ಒಂದೇ ಅಡುಗೆಮನೆ, ಒಂದೇ ಒಲೆ, ನಡುವೆ ನೀನು. ‘ಅವಳಿಗೆ ಹೇಳೇ, ಸಾರಿಗೆ ಉಪ್ಪು ಜಾಸ್ತಿಯಾಗಿದೆ.’ ‘ಅವರಿಗೆ ಹೇಳು, ಬೇಕಾದ್ರೆ ನೀರು ಬೆರೆಸ್ಕೊಳ್ಲಿ.’ ಪುಸ್ತಕ ಮಗುಚಿಟ್ಟು ಎದ್ದೆದ್ದು ಹೋಗುತ್ತಿದ್ದೆ. ಹತ್ತು ತುಂಬುವಷ್ಟರಲ್ಲಿ ಖಾರದ ಮಾತನ್ನು ದಾರಿಯಲ್ಲೇ ಸಪ್ಪೆ ಮಾಡಿ ತಲುಪಿಸುವುದನ್ನೂ ಕಲಿತಿದ್ದೆ, ಇದ್ದದ್ದು ಮೂರು ಹೆಜ್ಜೆಯ ದಾರಿ. ಎಸ್ಸೆಸ್ಸೆಲ್ಸಿಯ ವರ್ಷ ಒಂದು ಬೆಳಿಗ್ಗೆ ನಿನ್ನ ಬಾಯಿಯೇ ಕಟ್ಟಿಹೋಗಿ ಎರಡು ದಿನ ಒಂದು ಮಾತೂ ಹೊರಡಲಿಲ್ಲವಲ್ಲ, ಆ ಎರಡು ದಿನ ಮನೆಯಲ್ಲಿ ಎಂಥ ಶಾಂತಿ ಇತ್ತು ಅಂತೀ. ಮುಂದೆ ಈ ವಿದ್ಯೆಯಲ್ಲೇ ದೊಡ್ಡವಳಾಗುವವಳು, ನಿನಗೆ ಒಂದು ಮಾಹಿತಿ ಇರಲಿ: ಜಾಡಿಗೆ ಹಾಕಿದ ಒದ್ದೆ ಕೈ ನನ್ನದು. ಸ್ನಾನ ಮಾಡಿ ಬಂದವನಿಗೆ ಆಸೆಯಾಗಿತ್ತು. ಆಗಲೇ ಹೇಳಬಹುದಿತ್ತು, ಆದರೆ ಪಂಚಾಯಿತಿ ಮಾಡುವವನೇ ತಪ್ಪಿತಸ್ಥ ಎಂದು ಗೊತ್ತಾದರೆ ಮರುದಿನದಿಂದ ಯಾರು ಕರೆಯುತ್ತಾರೆ ಹೇಳು.

ನೀನು ಮೈಸೂರಿಗೆ ಹೋದಮೇಲೆ ಆ ಹುದ್ದೆ ಖಾಲಿಯೇ ಇದೆ. ಮುಸುರೆಗೆ ಬರುವ ವಸಂತಮ್ಮ ಒಂದೂವರೆ ತಿಂಗಳು ಮಾಡಿದಳು. ಆಮೇಲೆ ‘ಪಾತ್ರೆ ತಿಕ್ಕಕ್ಕೆ ಬಂದೋಳು ನಾನು, ಟಪಾಲು ಹಂಚಕ್ಕಲ್ಲ’ ಎಂದು ಸೆರಗು ಕೊಡವಿ ಹೋದಳು. ಈಗ ಆ ಕೆಲಸ ನನ್ನ ಕುತ್ತಿಗೆಗೆ ಬಂದಿದೆ. ಹೊರಗೆ ಹತ್ತು ಮನೆ ತಿದ್ದುವವನು ಮನೆಯೊಳಗೆ ಉಪ್ಪಿನ ಸುದ್ದಿ ಹೊತ್ತು ಓಡಾಡುವುದು ಶೋಭೆಯಲ್ಲ.

ಇರಲಿ, ಕಾಲೇಜಿನ ವಿಷಯ. ಚೀಲದ ಮೇಲೆ ಕಂಡ ಅಡಿಕೆಗೆ ದರ ಕಟ್ಟಿದವನಲ್ಲ ನಾನು. ಒಳಗೆ ಮೊಣಕೈವರೆಗೆ ಕೈ ಹಾಕಿ, ನಾಲ್ಕು ತೆಗೆದು, ಕತ್ತರಿಸಿ ನೋಡುವವನು. ಮಂಗಳೂರಿಗೆ ನಾನೇ ಫೋನು ಮಾಡಿದೆ. ಒಬ್ಬ ಮೇಡಂ ಬಹಳ ತಾಳ್ಮೆಯಿಂದ ಮಾತಾಡಿದರು. ಮೈಸೂರಿನಲ್ಲಿ ಬರೀ ಪುಸ್ತಕದ ಪಾಠ, ತಮ್ಮಲ್ಲಿ ಮುನ್ನೂರು ಗಂಟೆ ನಿಜವಾದ ಕುಟುಂಬಗಳ ಮುಂದೆ ಕೂತು ಕಲಿಯಬೇಕು, ಪಕ್ಕದಲ್ಲೇ ಗುರುಗಳಿರುತ್ತಾರೆ, ಹಾಗೆ ಕಲಿತವರಿಗೇ ಆಸ್ಪತ್ರೆಗಳಲ್ಲಿ ಕೆಲಸ ಸಿಗುವುದು ಎಂದರು. ಕೃತಿಕಾ, ವ್ಯಾಪಾರಿಯ ಮಾತು ಹೇಳುತ್ತೇನೆ: ದುಬಾರಿಯದೇ ಸರಿಯಾದ ಮಾಲು. ನಿನ್ನ ಲೆಕ್ಕ ನೂರಕ್ಕೆ ನೂರು ಸರಿ. ಸಾಲ ನಾಲ್ಕು ವರ್ಷಕ್ಕೆ ತೀರುತ್ತದೆ, ನಾನೂ ಕೂಡಿಸಿ ನೋಡಿದೆ. ಆದರೆ ಮಾತು ಮುಗಿಸುವಾಗ ಮೇಡಂ ಇನ್ನೊಂದು ಹೇಳಿದರು. ಮೊದಲ ತಿಂಗಳು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಸ್ವಂತ ಮನೆಯ ಮೂರು ತಲೆಮಾರಿನ ಕಥೆಯನ್ನು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದನ್ನೂ ಸೇರಿಸಿ, ತರಗತಿಯ ಮುಂದೆ ಬಿಡಿಸಿ ಹೇಳಬೇಕಂತೆ. ಇದು ನಿನ್ನ ಪಟ್ಟಿಯ ಖರ್ಚಿನಲ್ಲಿ ಬಂದಿಲ್ಲ. ಆರು ಲಕ್ಷವನ್ನು ಬ್ಯಾಂಕು ಕೊಡುತ್ತದೆ, ಇದನ್ನು ಕೊಡಬೇಕಾದವನು ನಾನು.

ಸೋಮವಾರ ಮನೆಯಲ್ಲೂ ಸಭೆ ಕರೆದೆ. ಅಜ್ಜಿ ಗೋಡೆಯ ಕಡೆ ತಿರುಗಿ, ‘ಅವರಮ್ಮನ ಹತ್ರ ಕಲಿತ ಮೌನ ಸಾಲದು ಅಂತ ಈಗ ಮಾತು ಕಲಿಯಕ್ಕೆ ಹೋಗ್ತಾಳೆ’ ಎಂದರು. ನಿನ್ನಮ್ಮ ಹೊನ್ನಕ್ಕ ಒಳಗೆ ಹೋಗಿ ತನ್ನ ಎರಡೆಳೆ ಸರ ತಂದು ನನ್ನ ಮುಂದೆ ಇಟ್ಟಳು. ‘ದುಬಾರಿದಕ್ಕೇ ಹೋಗ್ಲಿ. ಅದು ದೂರ ಇದೆ’ ಎಂದಳು. ಹೊನ್ನಕ್ಕ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ಸರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅಜ್ಜಿಗೆ ಕೊಟ್ಟಿದ್ದೇನೆ. ಬಂಗಾರ ಭದ್ರವಾಗಿದೆ, ಚಿಂತೆ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಖಾರ ಕಡಿಮೆ ತಿನ್ನು, ಪಟ್ಟಿ ಮಾಡುವ ಕೈ ನಿನ್ನದು ಎಂದೂ ಹೀಗೇ ಅಚ್ಚುಕಟ್ಟಾಗಿರಲಿ. ಅಜ್ಜಿಯ ಆಶೀರ್ವಾದ, ನಿನ್ನಮ್ಮನದೂ ಇರಬೇಕು.

ಸದಾ ನಿನ್ನ ಒಳಿತನ್ನೇ ಬಯಸುವ
ಅಪ್ಪಾಜಿ
(ಷಡಕ್ಷರಿ)

ಮರೆತ ಮಾತು: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮಂಗಳೂರಿನವರ ಫೋನು ನಿನ್ನೆಯೇ ಬಂತು. ಹೆಣ್ಣುಮಕ್ಕಳ ಅರ್ಜಿಗೆಲ್ಲ ಅಪ್ಪನ ನಂಬರು ಕೊಡುವುದು ನಮ್ಮ ಕಡೆಯ ಪದ್ಧತಿ, ನೀನೂ ಕೊಟ್ಟಿದ್ದೀಯ. ಸೀಟು ಬೇಕಿದ್ದರೆ ಒಂದು, ಬೇಡವಾಗಿದ್ದರೆ ಎರಡು ಒತ್ತಿ ಎಂದು ಯಂತ್ರದೊಳಗಿನ ಹೆಂಗಸು ಹೇಳಿದಳು. ಎರಡು ಒತ್ತಿದೆ. ಒಟಿಪಿ ಬಂತು, ಅದನ್ನೂ ಒತ್ತಿದೆ. ಹಾಗೆಯೇ ಮೈಸೂರಿನವರಿಗೂ ಬೇಡವೆಂದು ತಿಳಿಸಿದ್ದೇನೆ, ಅರೆಬರೆ ಓದು ನಿನಗೆ ಒಪ್ಪುವುದಿಲ್ಲ. ಶನಿವಾರದ ಬಸ್ಸಿಗೆ ಹಾಸಿಗೆ ಸಮೇತ ಹೊರಟು ಬಾ. ಸೀಟನ್ನು ನೀನೇ ಬಿಟ್ಟೆ ಎಂದು ನಿನ್ನಮ್ಮನಿಗೆ ಹೇಳಿದ್ದೇನೆ. ಅವಳು ಒಲೆ ಆರಿಸಿ ಹಿತ್ತಲಿಗೆ ಹೋದಳು. ಬಂದಮೇಲೆ ನೀನೂ ಅವಳಿಗೆ ಹಾಗೆಯೇ ಹೇಳು.